ಒಣಗಿದ ಎಲೆಯೂ ಹಳೆಯ ಕರಪತ್ರವೂ

ಊರಿನಿಂದ ನೆಂಟರು ಬಂದರೆ ಮುಂಬಯಿಯಲ್ಲಿ ಏನೇನು ತೋರಿಸಬೇಕೆಂಬ ಪಟ್ಟಿ ನಮ್ಮಲ್ಲಿ ಪ್ರತಿಯೊಬ್ಬರ ಮನೆಯಲ್ಲೂ ಸಿದ್ಧವಾಗಿರುತ್ತದೆ. ಬೆಳಿಗ್ಗೆ ಸಿದ್ಧಿವಿನಾಯಕ, ಮಹಾಲಕ್ಷ್ಮಿ, ಮಧ್ಯಾಹ್ನ ಗೇಟ್‌ವೇ, ಸಂಜೆ ಚೌಪಾಟಿ, ಅತ್ತಿಗೆಗೆ ದಾದರಿನಲ್ಲಿ ಒಂದೆರಡು ಸೀರೆ. ಇಷ್ಟಾದರೆ ನೆಂಟರೂ ತೃಪ್ತರು, ನಾವೂ ಹಗುರ. ಬೋರಿಬಂದರಿನಲ್ಲಿ ಇಳಿದು, ಮಹಾಪಾಲಿಕೆಯ ಕಚೇರಿ ಬಿಟ್ಟು, ಕಾಮಾ ಆಸ್ಪತ್ರೆ ದಾಟಿ ಮೆಟ್ರೋ ಸಿನೆಮಾದ ಕಡೆಗೆ ನಡೆದರೆ ಕಲ್ಲಿನ ಗೋಪುರದ ಕಾಲೇಜೊಂದು ಸಿಗುತ್ತದೆ. ಕರ್ನಾಟಕದ ಇತಿಹಾಸದ ಒಂದು ಅಧ್ಯಾಯ ಅದರೊಳಗೆ ತಯಾರಾಯಿತೆಂದು ನಾವು ಯಾವ ನೆಂಟರಿಗೂ ಹೇಳುವುದಿಲ್ಲ. ನಮಗೇ ಗೊತ್ತಿದ್ದರಲ್ಲವೇ ಹೇಳುವುದು!

ಆ ಕಾಲೇಜು ಸೇಂಟ್ ಝೇವಿಯರ್ಸ್. ಜೆಸುಯಿಟ್ ಪಾದ್ರಿಗಳು 1869ರಲ್ಲಿ ತೆರೆದದ್ದು. ನನ್ನ ತಂಗಿಯ ಮಗಳು ಸಸ್ಯಶಾಸ್ತ್ರ ಓದಲು ಅಲ್ಲಿ ಸೇರಿದ ಮೇಲೆಯೇ ನನಗೂ ಅದರ ಒಳಗಿನ ಪರಿಚಯವಾದದ್ದು. ಹುಡುಗಿ ಬಿ.ಎಸ್‌ಸಿ. ಮುಗಿಸಿ ಬ್ಯಾಂಕಿನ ಪರೀಕ್ಷೆಗೆ ಕೂರುತ್ತಾಳೆಂದು ನಮ್ಮ ಭಾವನವರು ಲೆಕ್ಕ ಹಾಕಿದ್ದರು. ಮೂರು ವರ್ಷ ಕಳೆಯುವಷ್ಟರಲ್ಲಿ ಅವಳು, "ಸಂಶೋಧನೆ ಮಾಡುತ್ತೇನೆ" ಎಂದಳು. ಮನೆಯಲ್ಲಿ ಎರಡು ದಿನ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಸಂಶೋಧನೆಯೆಂದರೆ ಕೆಲಸ ಸಿಗದವರ ಕಾಲಹರಣವೆಂಬ ತಿಳುವಳಿಕೆ ನಮ್ಮ ಮಧ್ಯಮವರ್ಗದ ಮನೆಗಳಲ್ಲಿ ಇನ್ನೂ ಗಟ್ಟಿಯಾಗಿಯೇ ಇದೆ. ಅವಳಿಗೆ ಬುದ್ಧಿ ಹೇಳಲು ಸೋದರಮಾವನಾದ ನನ್ನನ್ನು ನೇಮಿಸಲಾಯಿತು. ಬುದ್ಧಿ ಹೇಳಲು ಹೋದವನನ್ನು ಅವಳೇ ಕೂರಿಸಿ ಪಾಠ ಹೇಳಿದಳೆನ್ನುವುದು ಬೇರೆ ಮಾತು.

ಅವಳು ಹೇಳಿದ್ದು ಹರ್ಬೇರಿಯಂ, ಅಂದರೆ ಒಣ ಸಸ್ಯಗಳ ಭಂಡಾರದ ವಿಚಾರ. ಕಾಡಿನಲ್ಲಿ ಸಿಕ್ಕ ಗಿಡದ ರೆಂಬೆಯನ್ನು ಹೂವು ಕಾಯಿಗಳ ಸಮೇತ ತಂದು, ಹಳೆಯ ವೃತ್ತಪತ್ರಿಕೆಗಳ ನಡುವೆ ಇಟ್ಟು, ಭಾರ ಹೇರಿ ಒಣಗಿಸುತ್ತಾರೆ. ತೇವ ಹೀರಿದ ಕಾಗದವನ್ನು ಮತ್ತೆ ಮತ್ತೆ ಬದಲಿಸುತ್ತಾರೆ. ಒಣಗಿದ ಮೇಲೆ ದಪ್ಪ ಹಾಳೆಗೆ ಅಂಟಿಸಿ, ಮೂಲೆಯಲ್ಲಿ ಒಂದು ಚೀಟಿ ಹಚ್ಚುತ್ತಾರೆ. ಗಿಡದ ಹೆಸರು, ಸಿಕ್ಕ ಊರು, ತಾರೀಖು, ತಂದವರ ಹೆಸರು, ಇಷ್ಟೇ ಆ ಚೀಟಿಯಲ್ಲಿರುವುದು. ಝೇವಿಯರ್ಸ್‌ನ ಈ ಭಂಡಾರವನ್ನು 1906ರಲ್ಲಿ ಆರಂಭಿಸಿದವರು ಸ್ವಿಟ್ಜರ್‌ಲೆಂಡಿನಿಂದ ಬಂದ ಫಾದರ್ ಎಥೆಲ್‌ಬರ್ಟ್ ಬ್ಲಾಟರ್. ಇಂದು ಅವರ ಹೆಸರಿನಲ್ಲೇ ಇರುವ ಭಂಡಾರದಲ್ಲಿ ಸುಮಾರು 2 ಲಕ್ಷ ಹಾಳೆಗಳಿವೆ.

"ಮಾವ, ಇದರಲ್ಲಿ ನಮ್ಮ ಕಾರವಾರ ಜಿಲ್ಲೆಯ ಗಿಡಗಳೂ ಇವೆ, ಗೊತ್ತೇ?" ಎಂದಳು ಹುಡುಗಿ. ನನಗೆ ಗೊತ್ತಿರಲಿಲ್ಲ. 1956ರ ತನಕ ನಮ್ಮ ಜಿಲ್ಲೆ ಮುಂಬಯಿಗೆ ಸೇರಿತ್ತು. ಸೆಜ್‌ವಿಕ್ ಎಂಬ ಸಿವಿಲ್ ಸರ್ವಿಸ್ ಅಧಿಕಾರಿ ಮತ್ತು ಬೆಲ್ ಎಂಬ ಅರಣ್ಯಾಧಿಕಾರಿ ಇಬ್ಬರೂ ಕಚೇರಿ ಕೆಲಸದ ನಡುವೆ ನಮ್ಮ ಘಟ್ಟದ ಕಾಡುಗಳನ್ನು ಅಲೆದು ಗಿಡಗಳನ್ನು ಕೂಡಿಹಾಕಿದರು. 1925ರಲ್ಲಿ ಸೆಜ್‌ವಿಕ್ ತೀರಿಕೊಂಡರು. ಅವರ ಸಂಗ್ರಹ ಈ ಕಾಲೇಜಿಗೆ ಸೇರಿತು. ನಮ್ಮ ಅಜ್ಜ ದನ ಮೇಯಿಸಿದ ಬೆಟ್ಟದ ಸೊಪ್ಪು ಧೋಬಿ ತಲಾವಿನ ಬಳಿಯ ಕಪಾಟಿನಲ್ಲಿ ನೂರು ವರ್ಷದಿಂದ ನಮಗಾಗಿ ಕಾಯುತ್ತಿದೆ! ನಾವು ಮಾತ್ರ ಪ್ರತಿದಿನ ಲೋಕಲ್ ಹಿಡಿಯುವ ಆತುರದಲ್ಲಿ ಅದರ ಎದುರಿನಿಂದಲೇ ಓಡುತ್ತಿದ್ದೇವೆ.

ಆ ಪಾದ್ರಿಗಳಲ್ಲಿ ನನಗೆ ಹಿಡಿಸಿದ ಗುಣವೆಂದರೆ ಯಾರೂ ಒಬ್ಬಂಟಿಯಾಗಿ ದುಡಿಯಲಿಲ್ಲ. ಮುಂಬಯಿಯ ಜರೀಗಿಡಗಳ ಮೇಲೆ ಬ್ಲಾಟರ್ 1922ರಲ್ಲಿ ಪುಸ್ತಕ ಬರೆದದ್ದು ಡಿ'ಅಲ್ಮೇಡ ಅವರ ಜೊತೆಗೂಡಿ. 1935ರಲ್ಲಿ ಹುಲ್ಲುಗಳ ಮೇಲಿನ ಗ್ರಂಥ ಬಂದದ್ದು ಮೆಕ್‌ಕ್ಯಾನ್ ಅವರೊಡನೆ. ಆಯುರ್ವೇದ ಬಲ್ಲವರ ಮನೆಗಳಲ್ಲಿ "ಕೀರ್ತಿಕರ್-ಬಸು" ಎಂದೇ ಹೆಸರಾದ ಔಷಧಿ ಸಸ್ಯಗಳ ದೊಡ್ಡ ಗ್ರಂಥವಿರುತ್ತದಷ್ಟೆ. ಅದರ ಎರಡನೆಯ ಆವೃತ್ತಿಯನ್ನು 1933ರಲ್ಲಿ ತಿದ್ದಿ ಬೆಳೆಸಿದವರು ಮೂವರು: ಬ್ಲಾಟರ್, ಫ್ರೆಂಚ್ ಪಾದ್ರಿ ಕೇಯಸ್, ಮತ್ತು ವೈದ್ಯರಾದ ಮ್ಹಸ್ಕರ್. ಒಬ್ಬರಿಗೆ ಗಿಡದ ಗುರುತು, ಒಬ್ಬರಿಗೆ ರಸಾಯನ, ಒಬ್ಬರಿಗೆ ರೋಗಿಯ ನಾಡಿ. ಮೂರೂ ಕೂಡಿದಾಗಲೇ ಕಷಾಯ ಪಾಕಕ್ಕೆ ಬಂದೀತು.

ಗಿಡದ ಮಾತು ಹೀಗಾದರೆ ಇತಿಹಾಸದ ಮಾತು ಇನ್ನೂ ಸ್ವಾರಸ್ಯವಾದದ್ದು. ಬಾರ್ಸಿಲೋನಾದಲ್ಲಿ ಹುಟ್ಟಿದ ಫಾದರ್ ಹೆನ್ರಿ ಹೆರಾಸ್ 1922ರಲ್ಲಿ ಈ ಕಾಲೇಜಿಗೆ ಅಧ್ಯಾಪಕರಾಗಿ ಬಂದರು. ಯಾವ ದೇಶದ ಇತಿಹಾಸ ಪಾಠ ಹೇಳುತ್ತೀರೆಂದು ಕೇಳಿದ್ದಕ್ಕೆ, ತನಗೆ ತಿಳಿಯದೆ ಇರುವುದು ಭಾರತದ ಇತಿಹಾಸವಾದ್ದರಿಂದ ಅದನ್ನೇ ಕೊಡಿ ಎಂದರಂತೆ. ನಮ್ಮಲ್ಲಿ ತಿಳಿಯದ ವಿಷಯ ಕಂಡರೆ ದೂರ ಸರಿಯುವವರೇ ಹೆಚ್ಚು. ಈ ಮಹಾನುಭಾವರು ಅದನ್ನೇ ಅಪ್ಪಿಕೊಂಡರು. 1926ರಲ್ಲಿ ಕಾಲೇಜಿನೊಳಗೇ ಭಾರತೀಯ ಇತಿಹಾಸ ಸಂಶೋಧನೆಯ ಸಂಸ್ಥೆ ಕಟ್ಟಿದರು. ಇಂದು ಅದು ಹೆರಾಸ್ ಇನ್‌ಸ್ಟಿಟ್ಯೂಟ್. ಪುಸ್ತಕ, ನಾಣ್ಯ, ಶಿಲ್ಪಗಳನ್ನು ಒಂದೊಂದಾಗಿ ಕೂಡಿಸಿದರು. ಅವರು 1955ರಲ್ಲಿ ತೀರಿಕೊಂಡರು. 1981ರಲ್ಲಿ ನಮ್ಮ ಅಂಚೆ ಇಲಾಖೆ ಅವರ ಚಿತ್ರದ ಸ್ಟಾಂಪು ಹೊರಡಿಸಿತು.

ಹೆರಾಸ್ ಅವರು ಮೊದಲು ಕೈಹಾಕಿದ್ದು ಎಲ್ಲಿಗೆ ಗೊತ್ತೇ? ವಿಜಯನಗರಕ್ಕೆ! ತಾಳಿಕೋಟೆಯ ಯುದ್ಧದ ನಂತರ ಆಳಿದ ಅರವೀಡು ವಂಶದ ಮೇಲೆ 1927ರಲ್ಲಿ, ಸಾಮ್ರಾಜ್ಯದ ಆರಂಭದ ಮೇಲೆ 1929ರಲ್ಲಿ ಅವರ ಪುಸ್ತಕಗಳು ಬಂದವು. ವಿದ್ಯಾರಣ್ಯರು ವಿಜಯನಗರ ಕಟ್ಟಿಸಿದ ಕಥೆಯನ್ನು ಅವರು ಒಪ್ಪಲಿಲ್ಲ. ಅವರ ವಾದವನ್ನು ನಮ್ಮ ಪಂಡಿತರಲ್ಲಿ ಬಹಳ ಮಂದಿ ಒಪ್ಪಲಿಲ್ಲ. ಸಿಂಧೂ ಲಿಪಿಯನ್ನು ಓದಿದ್ದೇನೆಂದು ಅವರು ಹೇಳಿದ್ದೂ ವಿದ್ವಾಂಸರಿಗೆ ಒಪ್ಪಿಗೆಯಾಗಲಿಲ್ಲ. ಇರಲಿ, ವಾದ ಬಿದ್ದರೂ ಅವರು ಕೂಡಿಸಿದ ಗ್ರಂಥಭಂಡಾರ ಬೀಳಲಿಲ್ಲ. ಅವರನ್ನು ಅಲ್ಲಗಳೆಯಬೇಕೆಂದವನೂ ಅಲ್ಲೇ ಕುಳಿತು ಓದಬಹುದು.

ಅವರ ಮಾರ್ಗದರ್ಶನದಲ್ಲಿ ದುಡಿದ ಜಾರ್ಜ್ ಮೊರಾಯೆಸ್ ಎಂಬ ತರುಣರು 1931ರಲ್ಲಿ ಕದಂಬರ ಮೇಲೆ ದೊಡ್ಡ ಗ್ರಂಥ ಪ್ರಕಟಿಸಿದರು. ಬನವಾಸಿ, ಹಾನಗಲ್ಲು, ಗೋವೆ ಎಲ್ಲ ಶಾಖೆಗಳ ಕದಂಬರೂ ಅದರಲ್ಲಿದ್ದಾರೆ. ಕನ್ನಡ ನಾಡಿನ ಮೊದಲ ಅರಸುಮನೆತನದ ಚರಿತ್ರೆ ಮುಂಬಯಿಯ ಕ್ರೈಸ್ತ ಕಾಲೇಜೊಂದರ ಆಸರೆಯಲ್ಲಿ ಸಿದ್ಧವಾಯಿತೆಂದರೆ ಹೊರನಾಡಿನಲ್ಲಿರುವ ನಮಗೆ ಒಂದು ಬಗೆಯ ಹೆಮ್ಮೆಯಲ್ಲವೇ?

ಕದಂಬರ ಕಥೆಯೇ ಒಬ್ಬ ವಿದ್ಯಾರ್ಥಿಯಿಂದ ಶುರುವಾಗುತ್ತದೆಂಬುದನ್ನು ಇಲ್ಲಿ ನೆನೆಯಬೇಕು. ತಾಳಗುಂದದ ಕಂಬದ ಶಾಸನ ಹೇಳುವಂತೆ ಮಯೂರಶರ್ಮ ಗುರು ವೀರಶರ್ಮನೊಡನೆ ಓದಲೆಂದು ದೂರದ ಕಂಚಿಯ ಘಟಿಕಾಸ್ಥಾನಕ್ಕೆ ಹೋದ. ಅಲ್ಲಿ ಪಲ್ಲವರ ಸವಾರನೊಡನೆ ಜಗಳವಾಗಿ, ಅವಮಾನ ತಾಳದೆ ದರ್ಭೆ ಹಿಡಿದ ಕೈಯಲ್ಲಿ ಕತ್ತಿ ಹಿಡಿದ. ಓದಲೆಂದು ಹೊರನಾಡಿಗೆ ಹೋದ ಕನ್ನಡಿಗರಲ್ಲಿ ನಮಗೆ ಹೆಸರು ತಿಳಿದ ಹಿರಿಯ ಅವನೇ ಇರಬೇಕು. ಇದನ್ನು ಕಲ್ಲಿನ ಮೇಲೆ ಕೊರೆಸಿಟ್ಟವರಿದ್ದರು, ಕುಬ್ಜನೆಂಬ ಕವಿ ಅದಕ್ಕೆ ಮಾತು ಕೊಟ್ಟ. ಆದ್ದರಿಂದ ನಮಗೆ ತಿಳಿಯಿತು. ಮೊರಾಯೆಸರ ಪುಸ್ತಕ ಬಂದ ಐದು ವರ್ಷಕ್ಕೆ, 1936ರಲ್ಲಿ, ಹಾಸನ ಜಿಲ್ಲೆಯ ಹಲ್ಮಿಡಿಯ ಶಾಸನ ಬೆಳಕಿಗೆ ಬಂತು. ಹೀಗೆ ಒಬ್ಬರು ಬಿಟ್ಟಲ್ಲಿಂದ ಇನ್ನೊಬ್ಬರು ಮುಂದುವರಿಸುತ್ತಾರೆ. ಬಿಟ್ಟದ್ದು ಎಲ್ಲಿ ಎಂದು ತಿಳಿಯುವಂತೆ ಕಾಪಿಟ್ಟಿದ್ದರೆ ಮಾತ್ರ.

ಹಾಸನದ ಹೆಸರು ಬಂದಿತಲ್ಲ, ಅದರ ಗಿಡಮರಗಳ ಮಾತೂ ಒಂದಿದೆ. ಬೆಂಗಳೂರಿನ ಸೇಂಟ್ ಜೋಸೆಫ್ಸ್ ಕಾಲೇಜಿನ ಫಾದರ್ ಸೆಸಿಲ್ ಸಲ್ಡಾನಾ, ಅಮೆರಿಕದ ಸ್ಮಿತ್‌ಸೋನಿಯನ್ ಸಂಸ್ಥೆಯ ನಿಕೊಲ್ಸನ್ ಅವರೊಡನೆ ಸೇರಿ ಸಂಪಾದಿಸಿದ ಹಾಸನ ಜಿಲ್ಲೆಯ ಸಸ್ಯಗಳ ಗ್ರಂಥ 1976ರಲ್ಲಿ ಹೊರಬಂತು. ಸಕಲೇಶಪುರದ ಮಳೆಕಾಡಿನಿಂದ ಅರಸೀಕೆರೆಯ ಒಣಭೂಮಿಯ ತನಕ ಒಂದೇ ಜಿಲ್ಲೆಯಲ್ಲಿ ಎಷ್ಟು ಬಗೆ! ಆ ಗ್ರಂಥದ ಅಧ್ಯಾಯಗಳನ್ನು ಬರೆದವರಲ್ಲಿ ತರುಣ ಸಂಶೋಧಕರೂ ಇದ್ದರು. ಆಮೇಲೆ ಇಡೀ ಕರ್ನಾಟಕದ ಸಸ್ಯಗಳ ಮೇಲೆ ಸಲ್ಡಾನಾ ಅವರ ಸಂಪುಟಗಳು 1984ರಲ್ಲೂ 1996ರಲ್ಲೂ ಬಂದವು. 1882ರಲ್ಲಿ ಹುಟ್ಟಿದ ಆ ಕಾಲೇಜು 2022ರಲ್ಲಿ ವಿಶ್ವವಿದ್ಯಾಲಯವಾಯಿತು. ಪಟ್ಟ ಬಂದದ್ದು ಈಚೆಗೆ. ವಿಶ್ವವಿದ್ಯಾಲಯದ ಕೆಲಸ ನಡೆದದ್ದು ಅದಕ್ಕೂ ಬಹಳ ಹಿಂದೆ.

ಓದು, ಸಂಶೋಧನೆ ಎಂದರೆ ಬರಿಯ ಮೌನ, ಧೂಳು ಎಂದು ತಿಳಿಯಬೇಡಿ. ಝೇವಿಯರ್ಸ್‌ನ ಹುಡುಗರು 1979ರಲ್ಲಿ ಶುರುಮಾಡಿದ 'ಮಲ್ಹಾರ್' ಉತ್ಸವ ಆಗಸ್ಟ್ ತಿಂಗಳಲ್ಲಿ ನಡೆಯುತ್ತದೆ. ನಮ್ಮ ಹುಡುಗಿ ಕೊರಳಲ್ಲಿ ಗುರುತಿನ ಚೀಟಿ ತೂಗಿಕೊಂಡು ಬಂದವರಿಗೆ ದಾರಿ ತೋರಿಸುವ ಕೆಲಸದಲ್ಲಿದ್ದಳು. ನಾನೂ ಒಂದು ಮಧ್ಯಾಹ್ನ ಹೋಗಿದ್ದೆ. ಕಲ್ಲಿನ ಕಮಾನುಗಳ ಕೆಳಗೆ ಅಷ್ಟೊಂದು ಗದ್ದಲ, ಬಣ್ಣ, ಡೋಲು! ಎಲ್ಲವನ್ನೂ ನಡೆಸುವವರು ವಿದ್ಯಾರ್ಥಿಗಳೇ. "ಓದುವ ಮಕ್ಕಳಿಗೆ ಇದೆಲ್ಲ ಯಾಕೆ?" ಎಂದು ಭಾವನವರು ಗೊಣಗಿದರು. ನಾನೆಂದೆ: "ಭಾವ, ನೀವು ನಮ್ಮ ಸಂಘದ ನಾಟಕಕ್ಕೆಂದು ಎಷ್ಟು ಸಲ ಆಫೀಸಿಗೆ ರಜೆ ಹಾಕಿದ್ದೀರಿ, ಲೆಕ್ಕ ಇದೆಯೇ?" ಅವರು ನಕ್ಕು ಚಹಾ ಕುಡಿದರು. ಅದೇ ಕಾಲೇಜಿನಲ್ಲಿ 1970ರ ದಶಕದಲ್ಲಿ ಹುಟ್ಟಿದ ಇಂಡಿಯನ್ ಮ್ಯೂಸಿಕ್ ಗ್ರೂಪಿನವರು ಜನವರಿಯಲ್ಲಿ ಶಾಸ್ತ್ರೀಯ ಸಂಗೀತದ ಬೈಠಕ್ಕು ಏರ್ಪಡಿಸುತ್ತಾರೆ. ಹಾಡಿದ್ದು ಗಾಳಿಯಲ್ಲಿ ಹೋಗದಿರಲೆಂದು ಧ್ವನಿಮುದ್ರಣಗಳ ಸಂಗ್ರಹವನ್ನೂ ಇಟ್ಟುಕೊಂಡಿದ್ದಾರೆ.

ಇನ್ನು ನಮ್ಮ ಮನೆಯ ಮಾತಿಗೆ ಬರೋಣ.

ನಮ್ಮ ಸಂಘದ ಹಳೆಯ ಕಟ್ಟಡವನ್ನು ಕೆಡವಿ ಹೊಸದು ಕಟ್ಟಲಿರುವುದು ಸದಸ್ಯರಿಗೆಲ್ಲ ತಿಳಿದದ್ದೇ. ಮಾಳಿಗೆಯ ಮೇಲಿನ ಸಾಮಾನು ಇಳಿಸಿದಾಗ ಹದಿನಾಲ್ಕು ಗೋಣಿಚೀಲ ತುಂಬ ಕಾಗದ ಸಿಕ್ಕಿತು. ನಾಟಕದ ಕರಪತ್ರಗಳು, ಹಳೆಯ ಸಂಚಿಕೆಗಳು, ರಾತ್ರಿಶಾಲೆಯ ಹಾಜರಿ ಪುಸ್ತಕಗಳು, ವಂತಿಗೆಯ ರಶೀದಿಗಳು, ಗೆದ್ದಲು ಮುಟ್ಟಿದ ಫೋಟೋಗಳು. ರದ್ದಿಯವನಿಗೆ ಹಾಕಿಬಿಡೋಣವೆಂದು ಸಭೆಯಲ್ಲಿ ಸೂಚನೆ ಬಂತು. ಸ್ಥಳದ ಅಭಾವ ಸುಳ್ಳಲ್ಲ. ಈ ಊರಿನಲ್ಲಿ ಮನುಷ್ಯರಿಗೇ ಜಾಗವಿಲ್ಲ. ಒಂದು ತಿಂಗಳ ಅವಕಾಶ ಕೊಡಿ ಎಂದು ನಾನು ಕೇಳಿಕೊಂಡೆ. ಕಾರ್ಯಕಾರಿ ಸಮಿತಿಯವರು ಒಪ್ಪಿದರು.

ಒಂದು ಭಾನುವಾರ ಹುಡುಗಿಯನ್ನು ಕರೆದುಕೊಂಡು ಹೋದೆ. ಅವಳು ಚಾಪೆಯ ಮೇಲೆ ಕುಳಿತು ಒಂದೊಂದೇ ಹಾಳೆ ಬಿಡಿಸಿದಳು. ನಾಟಕದ ಗುಂಪಿನ ಫೋಟೋ ಒಂದು ಸಿಕ್ಕಿತು. ಇಪ್ಪತ್ತಮೂರು ಜನ, ಬಣ್ಣ ಹಚ್ಚಿದ ಮುಖಗಳು, ಹಿಂಬದಿಯಲ್ಲಿ ಒಂದಕ್ಷರವೂ ಇಲ್ಲ. ಅವಳೆಂದಳು: "ಮಾವ, ನಮ್ಮ ಭಂಡಾರದಲ್ಲಿ ಚೀಟಿ ಇಲ್ಲದ ಹಾಳೆಗೆ ಬೆಲೆಯಿಲ್ಲ. ಊರು, ತಾರೀಖು, ಹೆಸರು ಇದ್ದರೆ ಅದು ದಾಖಲೆ. ಇಲ್ಲದಿದ್ದರೆ ಬರೀ ಒಣಗಿದ ಎಲೆ."

ಆ ಫೋಟೋವನ್ನು ನಮ್ಮ ಸಂಘದ ಹಿರಿಯ ಸದಸ್ಯರೊಬ್ಬರ ಮನೆಗೆ ಒಯ್ದೆವು. ಎಂಬತ್ತೆಂಟರ ವಯಸ್ಸು, ಕಣ್ಣು ಮಂದ, ನೆನಪು ಚುರುಕು. ಭೂತಗನ್ನಡಿ ಹಿಡಿದು ಒಂದೊಂದೇ ಮುಖದ ಮೇಲೆ ಬೆರಳಿಟ್ಟರು. ಇವರು ಗಿರಣಿಯಲ್ಲಿದ್ದವರು, ಇವರು ಹೋಟೆಲಿನಲ್ಲಿ ಗಲ್ಲೆಯ ಮೇಲೆ ಕೂರುತ್ತಿದ್ದವರು, ಈ ಹೆಣ್ಣುವೇಷದವರು ಪೋಸ್ಟಾಫೀಸಿನವರು, ಹಗಲು ದುಡಿದು ರಾತ್ರಿಶಾಲೆಯಲ್ಲಿ ಮೆಟ್ರಿಕ್ ಮಾಡಿದವರು. ಹತ್ತೊಂಬತ್ತು ಹೆಸರು ಹೇಳಿದರು. ಹುಡುಗಿ ಬರೆದುಕೊಂಡಳು. ನಾಲ್ಕು ಮುಖಗಳ ಹತ್ತಿರ ಬೆರಳು ಬಹಳ ಹೊತ್ತು ನಿಂತಿತು. "ಇವರು ಯಾರೋ ಮರೆತುಹೋಯಿತಲ್ಲ ಮಗಳೇ" ಎಂದರು. ಅವರಿಗಿಂತ ಹಿರಿಯರು ನಮ್ಮ ಸಂಘದಲ್ಲಿ ಈಗ ಯಾರೂ ಇಲ್ಲ. ಆ ನಾಲ್ವರು ಯಾರೆಂದು ಹೇಳಬಲ್ಲವರು ಇಲ್ಲವೆಂದೇ ಅರ್ಥ.

ಬಾರ್ಸಿಲೋನಾದವರು ಬಂದು ನಮ್ಮ ವಿಜಯನಗರವನ್ನು ಹುಡುಕಿದರು, ಸ್ವಿಟ್ಜರ್‌ಲೆಂಡಿನವರು ಕಟ್ಟಿದ ಕಪಾಟಿನಲ್ಲಿ ನಮ್ಮ ಘಟ್ಟದ ಸೊಪ್ಪು ಉಳಿಯಿತು. ಹೊರನಾಡ ಕನ್ನಡಿಗರ ಬದುಕನ್ನು ಹುಡುಕಿಕೊಂಡು ಇನ್ನು ಯಾವ ದೇಶದಿಂದ ಯಾರು ಬರಬೇಕು? ಅರಸರಿಗೆ ಶಾಸನ ಕೊರೆಸುವವರಿದ್ದರು. ಗಿರಣಿಯ ಜಾಬರನಿಗೆ, ಉಡುಪಿ ಹೋಟೆಲಿನ ಮಾಣಿಗೆ, ರಾತ್ರಿಶಾಲೆಯ ಮೇಷ್ಟ್ರಿಗೆ ಈ ಕರಪತ್ರವೇ ತಾಳಗುಂದದ ಕಂಬ.

ಆದ್ದರಿಂದ ಸಮಿತಿಯ ಮುಂದೆ ನಾನಿಟ್ಟ ಬೇಡಿಕೆ ದೊಡ್ಡದಲ್ಲ: ಹೊಸ ಕಟ್ಟಡದಲ್ಲಿ ತೇವ ತಾಗದ ಗೋಡೆಗೆ ಮೂರು ಕಬ್ಬಿಣದ ಕಪಾಟು, ಸಂಶೋಧನೆ ಮಾಡುವ ಹುಡುಗ ಹುಡುಗಿಯರು ಬಂದರೆ ಕುಳಿತು ಓದಲು ಒಂದು ಮೇಜು, ಒಂದು ದೀಪ. ಮುಂದಿನ ತಿಂಗಳ ಸಭೆಯಲ್ಲಿ ಇದು ತೀರ್ಮಾನವಾಗಲಿದೆ. ದಯವಿಟ್ಟು ಬನ್ನಿ, ಕೈ ಎತ್ತಿ. ಬರುವಾಗ ನಿಮ್ಮ ಮನೆಯ ಟ್ರಂಕಿನಲ್ಲಿರುವ ಹಳೆಯ ಫೋಟೋಗಳನ್ನೂ ತನ್ನಿ. ಹೊರಡುವ ಮೊದಲು ಮನೆಯ ಹಿರಿಯರನ್ನು ಕೇಳಿ ಹಿಂಬದಿಯಲ್ಲಿ ಪೆನ್ಸಿಲಿನಿಂದ ಊರು, ತಾರೀಖು, ಹೆಸರು ಬರೆದಿಡಿ.

ಅಂದಹಾಗೆ, ಹುಡುಗಿ ಸಂಶೋಧನೆಗೆ ಸೇರಿದ್ದಾಳೆ. ಮನೆಯಲ್ಲಿ ಈಗ ಎಲ್ಲರೂ ಸರಿಯಾಗಿ ಊಟ ಮಾಡುತ್ತಿದ್ದಾರೆ. ಓದಿ ಮುಗಿದ ಪೇಪರುಗಳನ್ನು ಭಾವನವರು ರದ್ದಿಗೆ ಹಾಕದೆ ಅವಳ ಗಿಡ ಒಣಗಿಸಲೆಂದು ಕಟ್ಟಿಡುತ್ತಾರೆ.