ಇರುಳಿನಲ್ಲಿ ಸ್ಪ್ಲಿಟ್

ಕ್ರೊಯೇಷಿಯಾದ ಕಡಲತೀರದ ಸ್ಪ್ಲಿಟ್ ಪಟ್ಟಣವನ್ನು ಇರುಳಿನಲ್ಲಿ, ಕಾಲ್ನಡಿಗೆಯಿಂದಲೇ ನೋಡಬೇಕು. ಕ್ರಿ. ಶ. 305ರಲ್ಲಿ ತಾನಾಗಿ ಸಿಂಹಾಸನವನ್ನು ತ್ಯಜಿಸಿದ ರೋಮನ್ ಚಕ್ರವರ್ತಿ ಡಯೋಕ್ಲೀಷಿಯನನು ಮುಪ್ಪಿನ ವಿಶ್ರಾಂತಿಗೆಂದು ಕಟ್ಟಿಸಿದ ಅರಮನೆಯೇ ಹಳೆಯ ಊರಿನ ಒಡಲು. 7ನೆಯ ಶತಮಾನದಲ್ಲಿ ನೆರೆಯ ಸಲೋನಾ ನಗರವು ಹಾಳಾಗಲು, ನೆಲೆಗೆಟ್ಟ ಜನರು ಈ ಗೋಡೆಗಳೊಳಗೆ ಆಶ್ರಯ ಪಡೆದರು. ಅವರ ಬಿಡಾರವೇ ಊರಾಯಿತು.

ಬಡಗಣ ಬಾಗಿಲಿನಿಂದ ಹೊಕ್ಕು, ಹೆಜ್ಜೆ ಸವೆಸಿ ನುಣುಪಾದ ಚಪ್ಪಡಿಗಳ ಮೇಲೆ ನಡೆದವನು ಕಂಬಗಳ ಅಂಗಳವನ್ನು ಸೇರುತ್ತಾನೆ. ಅಲ್ಲಿ ಈಜಿಪ್ಟಿನಿಂದ ತಂದ ಕರಿಯ ಸ್ಫಿಂಕ್ಸ್. ಅದರ ಹಿಂದೆ ಚಕ್ರವರ್ತಿಯ ಸಮಾಧಿಮಂದಿರ. ಕ್ರೈಸ್ತರನ್ನು ಕೊಲ್ಲಿಸಿದವನ ಸಮಾಧಿಯೇ ಅವರ ಇಗರ್ಜಿಯಾಗಿದೆ. ಅವನ ದೇಹವೇನಾಯಿತೋ, ಬಲ್ಲವರಿಲ್ಲ! ಎದುರಿನಲ್ಲಿ, ಅವನ ಕಂಬಗಳಿಗೇ ಸೇರಿಸಿ ಕಟ್ಟಿದ ಮನೆಗಳ ಕಿಟಕಿಗಳಲ್ಲಿ ದೀಪ ಉರಿಯುತ್ತದೆ. ಪಕ್ಕದ ಓಣಿಯಲ್ಲಿ ಯಾರದೋ ಬಟ್ಟೆ ಹಗ್ಗದ ಮೇಲೆ ಕಡಲ ಗಾಳಿಗೆ ಒಣಗುತ್ತಿರುತ್ತದೆ.