ಬೂದಿ ಒರೆಸಬೇಡಿ

ಹುಣಸೂರು,
ಧನುರ್ಮಾಸದ ಒಂದು ಬೆಳಿಗ್ಗೆ

ಪ್ರಿಯ ಗೆಳತಿ,

ನಿಮ್ಮ ಕಾಗದ ಬಂದು ಹದಿನೈದು ದಿನವಾಯಿತು. ಉತ್ತರ ತಡವಾದದ್ದಕ್ಕೆ ಅವರೆಕಾಯಿ ಕಾರಣ ಅಂದರೆ ನೀವು ನಂಬುತ್ತೀರಿ, ಬೇರೆ ಸೀಮೆಯವರು ನಂಬುವುದಿಲ್ಲ. ಮೂರು ದಿನಕ್ಕೊಮ್ಮೆ ಒಂದು ಚೀಲ ಕಾಯಿ ಮನೆಗೆ ಬಂದು ಬೀಳುತ್ತಿದೆ. ಬಿಡಿಸಿ, ನೆನೆಹಾಕಿ, ಹಿತಕಿ ಮುಗಿಸುವಷ್ಟರಲ್ಲಿ ಇನ್ನೊಂದು ಚೀಲ. ಪೆನ್ನು ಹಿಡಿದರೆ ಪೆನ್ನಿಗೂ ಸೊಗಡು ಅಂಟುತ್ತದೆ.

ನಿಮ್ಮ ಊರಹಬ್ಬಕ್ಕೆ ಮಹಿಳಾ ಸಂಘದವರು ಶಾಲೆಯ ಜಗಲಿಯಲ್ಲಿ ಹಿತ್ತಿಲ ಬೆಳೆಯ ಪ್ರದರ್ಶನ ಇಡುತ್ತಾರೆ, ಮೊದಲ ಬಹುಮಾನ ಸ್ಟೀಲ್ ಕೊಳಗ ಎಂದು ಬರೆದಿದ್ದೀರಿ. ಏನನ್ನು ಒಯ್ಯಲಿ, ಹೇಗೆ ಒಯ್ಯಲಿ ಎಂದು ಕೇಳಿದ್ದೀರಿ. ಕೊನೆಗೆ, ಸಣ್ಣ ಅಕ್ಷರದಲ್ಲಿ, ನಿಮ್ಮ ಅತ್ತೆ ಆಡಿದ ಮಾತನ್ನೂ ಸೇರಿಸಿದ್ದೀರಿ: "ಬೆಳೆದದ್ನ ಊರ್ಗೆಲ್ಲ ತೋರುಸ್ಕಂಡ್ ಬತ್ತಾರಾ ಯಾರಾದ್ರೂವೆ?" ಮಿಕ್ಕ ಪ್ರಶ್ನೆಗಳೆಲ್ಲ ಸುಲಭ. ನಿಜವಾದ ಪ್ರಶ್ನೆ ನಿಮ್ಮ ಅತ್ತೆಯದು. ಅದನ್ನೇ ನನ್ನ ಅತ್ತೆಯೂ ಕೇಳಿದ್ದರು.

ನನ್ನ ಕಥೆ ಹೇಳುತ್ತೇನೆ, ನಕ್ಕುಬಿಡಿ. ಕೆಲವು ವರ್ಷಗಳ ಹಿಂದೆ ಮುಂಗಾರು ಹಿಡಿಯುತ್ತಲೇ ತಿಪ್ಪೆಯ ಅಂಚಿನಲ್ಲಿ ಒಂದು ಬೂದುಗುಂಬಳದ ಬಳ್ಳಿ ತಾನಾಗಿ ಎದ್ದಿತು. ತಿಪ್ಪೆಯ ಬಳ್ಳಿಗೆ ಯಾರ ಹಂಗೂ ಇಲ್ಲ. ಕೊಟ್ಟಿಗೆಯ ಮಾಡು ಹತ್ತಿ, ಅಲ್ಲಿಂದ ಇಳಿದು, ಪಕ್ಕದವರ ಬೇಲಿಗೂ ಕೈ ಚಾಚಿತು. ಹೀಚು ಕಾಣಿಸಿದ ದಿನ ನಾನು "ಅಗೋ ನೋಡಿ!" ಎಂದು ಬೆರಳು ತೋರಿಸಿದೆ. ಅತ್ತೆ ಓಡಿಬಂದು ನನ್ನ ಬೆರಳು ಮಡಚಿಸಿದರು, ಕಚ್ಚಿಕೊಳ್ಳಲು ಹೇಳಿದರು. ಹೀಚಿಗೆ ಬೆರಳು ತೋರಿದರೆ ಅದು ಕೊಳೆತು ಬೀಳುತ್ತದೆ ಎಂಬುದು ನಿಮಗೂ ಗೊತ್ತಿರುವ ಮಾತೇ. ನಾನು ಓದಿದವಳಲ್ಲವೇ, ಹೆಣ್ಣುಹೂವಿಗೆ ಪರಾಗ ಸರಿಯಾಗಿ ಮುಟ್ಟದಿದ್ದರೆ ಹೀಚು ಹಳದಿಯಾಗಿ ಉದುರುತ್ತದೆ, ಹಣ್ಣುನೊಣ ಚುಚ್ಚಿ ಮೊಟ್ಟೆಯಿಟ್ಟರೆ ಒಳಗೇ ಕೊಳೆಯುತ್ತದೆ ಎಂದೆಲ್ಲ ವಿವರಿಸಿದೆ. ಅತ್ತೆ ಸಮಾಧಾನವಾಗಿ ಕೇಳಿ, "ಆ ನೊಣಕ್ಕೆ ಕಾಯಿ ಇಲ್ಲಯ್ತೆ ಅಂತ ತೋರ್ಸ್‌ದೋರ್ಯಾರು ಮತ್ತೆ?" ಅಂದರು. ಆಮೇಲೆ ಕಾಯಿಯ ಮೇಲೆ ಒಂದು ಹಿಡಿ ಒಣಹುಲ್ಲು ಹೊದಿಸಿದರು. ಕಣ್ಣೆಸರಿಗೆ ಮರೆ ಎಂದು ಅವರು ಹೊದಿಸಿದ್ದು ಬಿಸಿಲಿಗೂ ಮರೆಯಾಯಿತು. ಕಾಯಿ ಒಂಬತ್ತು ಕೆಜಿ ಬಂತು.

ಆಗ ದಸರೆಯ ದಿನಗಳು. ಮೈಸೂರಿನ ಕುಪ್ಪಣ್ಣ ಪಾರ್ಕಿನ ಫಲಪುಷ್ಪ ಪ್ರದರ್ಶನ ನೋಡಿ ಬಂದು ನನಗೆ ಹುಚ್ಚು ಹತ್ತಿತ್ತು. ಅಲ್ಲಿಗೇ ಒಯ್ಯುವಷ್ಟು ಧೈರ್ಯವಿರಲಿಲ್ಲ. ಹತ್ತಿರದಲ್ಲೇ ಒಂದು ಸಣ್ಣ ಸ್ಪರ್ಧೆ ಇತ್ತು, ಹೆಸರು ಕೊಟ್ಟೆ. ಹೊರಡುವ ಹಿಂದಿನ ರಾತ್ರಿ, ಇಂಥ ಕಾಯಿಯನ್ನು ಧೂಳು ಧೂಳಾಗಿ ಒಯ್ಯುವುದೇ ಎಂದು, ಒದ್ದೆ ಬಟ್ಟೆ ತೆಗೆದುಕೊಂಡು ಪಳಪಳ ಹೊಳೆಯುವ ಹಾಗೆ ಒರೆಸಿದೆ. ಬಸ್ಸಿನಲ್ಲಿ ಮಗುವಿನಂತೆ ತೊಡೆಯ ಮೇಲೆ ಕೂರಿಸಿಕೊಂಡೆ. ಕಂಡಕ್ಟರು "ಇದಕ್ಕೆ ಅರ್ಧ ಟಿಕೆಟ್ಟಾ, ಪೂರ್ತಿನಾ?" ಎಂದು ಕೇಳಿದ್ದಕ್ಕೆ ಇಡೀ ಬಸ್ಸು ನಕ್ಕಿತು. ನನಗೆ ಆಗಲೇ ಬಹುಮಾನ ಬಂದಷ್ಟು ಹಿಗ್ಗು.

ತೀರ್ಪುಗಾರರು ವಯಸ್ಸಾದವರು. ಕಾಯಿಯ ಮುಂದೆ ನಿಂತು ಎರಡೂ ಕೈ ಹಿಂದೆ ಕಟ್ಟಿಕೊಂಡು ನೋಡಿದರು. "ಬೂದಿ ಎಲ್ಲಮ್ಮ?" ಅಂದರು. ನಾನು "ಒರೆಸಿದೆ ಸಾರ್" ಅಂದೆ. ಅವರು ಏನೂ ಹೇಳದೆ ಮುಂದಿನ ಮೇಜಿಗೆ ಹೋದರು. ಅಲ್ಲಿದ್ದದ್ದು ಆರು ಕೆಜಿಯ ಒಂದು ಕಾಯಿ, ಸುಣ್ಣದ ಗೋಡೆಗೆ ಒರಗಿ ಎದ್ದುಬಂದಂತೆ ಬೆಳ್ಳಗೆ. ಬಹುಮಾನ ಅದಕ್ಕೇ.

ನೋಡಿ, ಬೂದುಗುಂಬಳದ ಬೂದಿ ಧೂಳಲ್ಲ. ಕಾಯಿ ಬಲಿತಾಗ ತಾನೇ ಸಿಪ್ಪೆಯ ಮೇಲೆ ಹೊರತರುವ ಮೇಣ ಅದು. ಒಳಗಿನ ನೀರು ಆರದ ಹಾಗೆ ತಡೆಯುವುದೂ, ಅಟ್ಟದ ಮೇಲೆ ತಿಂಗಳುಗಟ್ಟಲೆ ಕೆಡದ ಹಾಗೆ ಕಾಯುವುದೂ ಅದೇ. ಅದನ್ನು ಒರೆಸಿದರೆ ಕಾಯಿ ಬಲಿತಿದೆ ಎನ್ನುವುದಕ್ಕೆ ಇದ್ದ ಸಾಕ್ಷಿಯೇ ಹೋಯಿತು. ಇಂಗ್ಲೆಂಡಿನ ಹಳ್ಳಿಗಳಲ್ಲಿ ಇಂಥ ಪ್ರದರ್ಶನ ದೊಡ್ಡ ಸಂಗತಿಯಂತೆ. ಅಲ್ಲಿ ದ್ರಾಕ್ಷಿಯ ಮೇಲಿನ ಬೂದಿ ಬೆರಳು ತಾಗಿ ಹೋದರೂ ಅಂಕ ಕಳೆಯುತ್ತಾರೆ. ನಮ್ಮ ಅಜ್ಜಿಯರು ಕಾಯಿಯನ್ನು ತೊಟ್ಟು ಹಿಡಿದೇ ಎತ್ತುತ್ತಿದ್ದರು, ಮೈ ಮುಟ್ಟುತ್ತಿರಲಿಲ್ಲ. ನಿಯಮ ಒಂದೇ, ಅಲ್ಲಿ ಅಚ್ಚು ಹಾಕಿಸಿದ್ದಾರೆ ಅಷ್ಟೆ.

ಅದೇ ಇಂಗ್ಲೆಂಡಿನವರ ಇನ್ನೊಂದು ಹಟ ಮಾತ್ರ ನನಗೆ ಒಗ್ಗುವುದಿಲ್ಲ. ತಟ್ಟೆಯಲ್ಲಿ ಐದು ಟೊಮೆಟೊ ಇಟ್ಟರೆ ಐದೂ ಒಂದೇ ತಾಯಿಯ ಅವಳಿಗಳ ಹಾಗಿರಬೇಕು: ಒಂದೇ ಗಾತ್ರ, ಒಂದೇ ಬಣ್ಣ. ರುಚಿಯನ್ನು ಸಾಮಾನ್ಯವಾಗಿ ಯಾರೂ ನೋಡುವುದಿಲ್ಲ. ಅಮೆರಿಕದಲ್ಲಿ ಗಾತ್ರದ ಹುಚ್ಚು. 2023ರಲ್ಲಿ ಕ್ಯಾಲಿಫೋರ್ನಿಯಾದ ಸ್ಪರ್ಧೆಯೊಂದರಲ್ಲಿ 1247 ಕೆಜಿಯ ಕುಂಬಳಕಾಯಿ ಗೆದ್ದಿತು. ಒಂದೇ ಕಾಯಿ! ನಮ್ಮ ಊರಹಬ್ಬದ ಇಡೀ ಸಾಲುಪಂಕ್ತಿಗೆ ಸಾಂಬಾರಾಗಿ ಮಿಗುತ್ತಿತ್ತು. ಆದರೆ ಅಂಥ ಕಾಯಿಯನ್ನು ತಿನ್ನಲೆಂದು ಬೆಳೆಯುವುದಿಲ್ಲ.

ಹಾಗೆಂದು ಸಾಲಾಗಿ ಇಟ್ಟು ತೂಗಿ ನೋಡುವುದು ಹೊರಗಿನಿಂದ ಬಂದದ್ದು ಎಂದು ತಳ್ಳಿಹಾಕುವ ಹಾಗಿಲ್ಲ. ಬೆಂಗಳೂರಿನ ಲಾಲ್‌ಬಾಗಿನ ಮೇಲ್ವಿಚಾರಕರಾಗಿದ್ದ ಕ್ರುಂಬಿಗಲ್ ಅವರ ಕಾಲದಲ್ಲಿ, 1912ರಲ್ಲಿ, ಮೈಸೂರು ತೋಟಗಾರಿಕಾ ಸಂಘ ಹುಟ್ಟಿತು. ಅಲ್ಲಿನ ಗಾಜಿನ ಮನೆಯ ಪ್ರದರ್ಶನ ಕಂಡೇ ನಮ್ಮ ಹಲವು ಜಿಲ್ಲೆಗಳಿಗೆ ಈ ಅಭಿರುಚಿ ಹತ್ತಿದ್ದು. ಮುಂದೆ ರಾಜ್ಯದ ತೋಟಗಾರಿಕೆಯನ್ನು ಕಟ್ಟಿದ ಡಾ. ಎಂ.ಎಚ್. ಮರೀಗೌಡರು ನಮ್ಮ ಜಿಲ್ಲೆಯವರೇ, ತಿ. ನರಸೀಪುರ ತಾಲ್ಲೂಕಿನವರು. ಇದು ಪುಸ್ತಕದ ಮಾತಾಯಿತು. ನಮ್ಮ ಸೀಮೆಯವರಿಗೆ ಪರೀಕ್ಷೆಯ ಮೇಜು ಇನ್ನೂ ಹತ್ತಿರದಿಂದ ಗೊತ್ತು. ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆಯ ಯಾವ ತಂಬಾಕು ಬೆಳೆಗಾರನನ್ನು ಬೇಕಾದರೂ ಕೇಳಿ. ಕಟ್ಟೆಮಳಲವಾಡಿಯ ಹರಾಜು ಮಾರುಕಟ್ಟೆಯಲ್ಲಿ ಬೇಲು ಬಿಚ್ಚಿ ನಿಂತಾಗ, ಖರೀದಿಯವನು ಸೊಪ್ಪು ಎಳೆದು ಬೆಳಕಿಗೆ ಹಿಡಿಯುವ ಆ ಅರೆಗಳಿಗೆಯಲ್ಲಿ ಹೊಟ್ಟೆಯೊಳಗೆ ಏನಾಗುತ್ತದೆ ಎಂದು ಅವನು ಹೇಳುತ್ತಾನೆ. ಬಣ್ಣ, ಹದ, ಮೈ ನೋಡಿ ದರ್ಜೆ ಕಟ್ಟುತ್ತಾರೆ. ಸೊಪ್ಪು ಬೇಯಿಸುವ ಬ್ಯಾರನ್ನಿನ ಮುಂದೆ ನಿದ್ದೆಗೆಟ್ಟ ರಾತ್ರಿಗಳಿಗೆ ಬೆಲೆ ಬರುವುದು ಆ ನೋಟದಿಂದ. ಅದರ ಮುಂದೆ ಸ್ಟೀಲ್ ಕೊಳಗದ ಸ್ಪರ್ಧೆ ಆಟ, ಧೈರ್ಯವಾಗಿ ಆಡಿ.

ಇನ್ನು ನಿಮ್ಮ ಅತ್ತೆಯ ಮಾತು. ತೋರಿಸುವುದು ನಮ್ಮವರ ಗುಣವಲ್ಲ ಅನ್ನುತ್ತಾರಲ್ಲ, ಅವರನ್ನು ನಿಮ್ಮದೇ ತಾಲ್ಲೂಕಿನ ಚುಂಚನಕಟ್ಟೆ ಜಾತ್ರೆಗೆ ಕರೆದುಕೊಂಡು ಹೋಗಿ. ಸಂಕ್ರಾಂತಿಯ ಆಸುಪಾಸಿನ ಆ ದಿನಗಳಲ್ಲಿ ಹಳ್ಳಿಕಾರ್ ಜೋಡಿಗಳನ್ನು ಶಾಮಿಯಾನದ ನೆರಳಿನಲ್ಲಿ ಮದುಮಕ್ಕಳ ಹಾಗೆ ನಿಲ್ಲಿಸಿರುತ್ತಾರೆ. ಒಳ್ಳೆಯ ರಾಸುಗಳಿಗೆ ಬಹುಮಾನವೂ ಉಂಟು. ಮುಚ್ಚಿಟ್ಟುಕೊಳ್ಳುವ ಜನ ಹಾಗೆ ನಿಲ್ಲಿಸುತ್ತಾರೆಯೇ? ಆದರೆ ಹತ್ತಿರ ಹೋಗಿ ಎತ್ತಿನ ಕಾಲು ನೋಡಿ, ಕರಿದಾರ ಕಟ್ಟಿರುತ್ತಾರೆ. ತೋರಿಸುತ್ತಾರೆ, ಕಾಪಾಡಿಕೊಂಡೂ ತೋರಿಸುತ್ತಾರೆ. ನಿಮ್ಮ ತಟ್ಟೆಯ ಅಡಿಗೆ ಒಂದು ಕರಿಬೊಟ್ಟು ಇಡಲು ಅತ್ತೆಗೇ ಹೇಳಿ. ಅವರೂ ಸ್ಪರ್ಧೆಗೆ ಇಳಿದಂತಾಯಿತು.

ಏನನ್ನು ಒಯ್ಯುವುದು? ನೀವು ಬರೆದ ಪಟ್ಟಿಯಲ್ಲಿ ಸೋರೆ, ಬದನೆ, ಅವರೆ ಮೂರೂ ಇವೆ. ನನ್ನ ಓಟು ಅವರೆಗೆ. ಅದರಲ್ಲೂ ಒಂದು ತೊಡಕಿದೆ. ಹೆಬ್ಬಾಳದ ಕೃಷಿ ವಿಶ್ವವಿದ್ಯಾಲಯದವರು ಹೊರತಂದ ಹೆಬ್ಬಾಳ ಅವರೆ ತಳಿಗಳಿಗೆ ಹಗಲು ಉದ್ದವಾದರೂ ಒಂದೇ, ಗಿಡ್ಡವಾದರೂ ಒಂದೇ. ವರ್ಷವಿಡೀ ಬಿಡುತ್ತವೆ. ನಮ್ಮ ನಾಟಿ ಅವರೆ ಹಗಲು ಗಿಡ್ಡವಾಗದೆ ಹೂವಾಡುವುದಿಲ್ಲ. ಚಳಿ ಬೀಳಬೇಕು, ರಾತ್ರಿ ಇಬ್ಬನಿ ಸುರಿಯಬೇಕು, ಆಗ ಸಿಪ್ಪೆಯ ಮೇಲೆ ಆ ಅಂಟುಅಂಟು ಸೊಗಡು ಏರುತ್ತದೆ. ತಟ್ಟೆಯಲ್ಲಿ ಪಕ್ಕಪಕ್ಕ ಇಟ್ಟರೆ ವರ್ಷವಿಡೀ ಬಿಡುವ ಕಾಯಿಯೇ ಚೆಂದ, ನೇರ, ಒಂದೇ ಸಮ. ನಾಟಿಯದು ಸೊಟ್ಟ. ಹಾಗಾಗಿ ಸಂಘದವರಿಗೆ ಈಗಲೇ ಒಂದು ಮಾತು ಹೇಳಿಡಿ: ಅವರೆಯ ತೀರ್ಪು ಕೊಡುವವರು ಕಣ್ಣು ಮುಚ್ಚಿಕೊಂಡು ಕಾಯಿಯನ್ನು ಅಂಗೈಯಲ್ಲಿ ಉಜ್ಜಿ ಮೂಸಬೇಕು. ಈ ನಿಯಮ ಲಾಲ್‌ಬಾಗಿನಲ್ಲೂ ಇರಲಿಕ್ಕಿಲ್ಲ, ನಿಮ್ಮ ಶಾಲೆಯ ಜಗಲಿಯಲ್ಲಿ ಇರಲಿ.

ಇನ್ನೊಂದು ಆಸೆ. ಗೆಡ್ಡೆಗಳಿಗೂ ಒಂದು ಮೇಜು ಇಡಿಸಿ. ಮೈಸೂರಿನ ನಂಜರಾಜ ಬಹದ್ದೂರ್ ಛತ್ರದಲ್ಲಿ ಸಾವಯವ ಕೃಷಿಕರ ಬಳಗವಾದ ಸಹಜ ಸಮೃದ್ಧದವರು ನಡೆಸಿದ ಗೆಡ್ಡೆ ಗೆಣಸು ಮೇಳಕ್ಕೆ ಹೋದಾಗ ನಾನು ದಂಗಾದೆ. ಕೆಸು, ಸುವರ್ಣಗೆಡ್ಡೆ, ಮರಗೆಣಸು ನಮಗೆ ಗೊತ್ತು. ಅಲ್ಲಿ ಕಂಡದ್ದು ಕೊಯ್ದರೆ ಒಳಗೆ ನೇರಳೆ ಬಣ್ಣದ ಗೆಣಸು, ಮನುಷ್ಯನ ಕೈಯಂತೆ ಬೆರಳು ಬಿಟ್ಟ ಗೆಡ್ಡೆ, ಆನೆಪಾದದಷ್ಟು ಅಗಲದ್ದು! ಅಲ್ಲಿ 'ಒಂದೇ ಸಮ' ಎನ್ನುವ ನಿಯಮ ತಂದರೆ ನಿಯಮವೇ ಸೋಲಬೇಕು. ಗೆಡ್ಡೆಯ ತಳಿ ಉಳಿಸುವ ಬಗೆಯೂ ಚೆಂದ: ಎಚ್.ಡಿ. ಕೋಟೆಯ ಹಾಡಿಗಳ ಜೇನುಕುರುಬರು ಕಾಡಿನಲ್ಲಿ ಗೆಣಸು ಅಗೆದಾಗ ಬಳ್ಳಿ ಹತ್ತಿದ ತಲೆಯ ತುಂಡನ್ನು ಅದೇ ಗುಂಡಿಗೆ ಹಾಕಿ ಮಣ್ಣು ಮುಚ್ಚಿ ಬರುತ್ತಾರೆ. ಬರುವ ವರ್ಷ ಅಲ್ಲೇ ಮತ್ತೆ ಗೆಣಸು. ಅಂದಹಾಗೆ, ಮಣ್ಣೊಳಗಿರುವುದಕ್ಕೆ ಯಾರ ಕಣ್ಣೂ ತಾಗದು, ಹೀಚಿಗೆ ಬೆರಳು ತೋರುವ ಭಯವೂ ಇಲ್ಲ. ಅತ್ತೆಯಂದಿರಿಗೆ ಒಪ್ಪುವ ಬೆಳೆ.

ಇನ್ನು ಕೆಲಸದ ಮಾತು. ಬೆಳಗಿನ ಜಾವ, ಇಬ್ಬನಿ ಇರುವಾಗಲೇ ಕೊಯ್ಯಿರಿ. ಬದನೆಯನ್ನು ತೊಟ್ಟಿನ ಮುಳ್ಳುಟೋಪಿ ಸಮೇತ ಕತ್ತರಿಸಿ, ಎಳೆದು ಕೀಳಬೇಡಿ. ಸೋರೆಗೆ ಒಂದು ಗೇಣು ಬಳ್ಳಿ ಇರಲಿ. ಬುಟ್ಟಿಯ ತಳಕ್ಕೆ ಹುಲ್ಲು, ಮೇಲೆ ಬಾಳೆಎಲೆ. ಐದು ಕಾಯಿ ಇಡಿ ಎಂದು ಬರೆದಿದ್ದರೆ ಐದೇ ಇಡಿ. ಪ್ರೀತಿಗೆ ಆರನೆಯದು ಸೇರಿಸುವುದು ನಮ್ಮ ಕೊಸರು ಹಾಕುವ ಅಭ್ಯಾಸ, ತೀರ್ಪುಗಾರರಿಗೆ ಅದು ತಪ್ಪಾಗಿಯೇ ಕಾಣುತ್ತದೆ. ಬೀಜಕ್ಕೆಂದು ಬಿಟ್ಟ ಕಾಯಿಯನ್ನು ಮಾತ್ರ ಯಾವ ಕೊಳಗದ ಆಸೆಗೂ ಕೊಯ್ಯಬೇಡಿ.

ನನ್ನ ಒಂಬತ್ತು ಕೆಜಿಯ ಕಾಯಿ ಏನಾಯಿತು ಎಂದು ಹೇಳಲೇ ಇಲ್ಲ. ಬೂದಿ ಹೋದದ್ದು ಅಟ್ಟದ ಮೇಲೆ ಉಳಿಯುವುದಿಲ್ಲ ಎಂದು ಗೊತ್ತಿತ್ತು. ಮಾರನೆಯ ದಿನವೇ ಆಯುಧಪೂಜೆ. ಪಕ್ಕದ ಮನೆಯ ಹುಡುಗ ಹೊಸ ಟ್ರ್ಯಾಕ್ಟರಿಗೆ ಕುಂಬಳಕಾಯಿ ಹುಡುಕುತ್ತಾ ಬಂದ. ಕೊಟ್ಟೆ. ಅತ್ತೆ ಮೂಗು ಮುರಿದರು: "ಊರೆಲ್ಲ ದಿಷ್ಟಿ ಹಾಕಿರೋ ಕಾಯಿ ಯಾರ್ ದಿಷ್ಟಿ ತಗದಾತು?" ಅವನು ನಕ್ಕು, ತುದಿ ಕೊಯ್ದು, ಕುಂಕುಮ ಸುರಿದು, ಚಿಲ್ಲರೆ ಹಾಕಿ, ಕರ್ಪೂರ ಹಚ್ಚಿ ಟ್ರ್ಯಾಕ್ಟರಿಗೆ ಮೂರು ಸುತ್ತು ನಿವಾಳಿಸಿ ರಸ್ತೆಗೆ ಎತ್ತಿಹಾಕಿದ. ಬಿದ್ದ ಸದ್ದಿಗೆ ನಾಯಿಗಳು ಓಡಿದವು, ಮಕ್ಕಳು ಚಿಲ್ಲರೆಗೆ ಮುಗಿಬಿದ್ದರು. ಆ ಗದ್ದಲದಲ್ಲಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಇನ್ನೊಂದು ತಲೆ ಬಗ್ಗಿತ್ತು. ಕುಂಕುಮ ಮೆತ್ತಿದ ಬೀಜಗಳನ್ನು ಒಂದೊಂದೇ ಆರಿಸಿ ಮಡಿಲಿಗೆ ಹಾಕಿಕೊಳ್ಳುತ್ತಿದ್ದರು ನನ್ನ ಅತ್ತೆ.

"ದಿಷ್ಟಿದು ಅಂದ್ರಲ್ಲ?" ಎಂದೆ.

"ಕಾಯ್ಗೆ ಕಣವ್ವ ದಿಷ್ಟಿ. ಬೀಜಕ್ಯಾಕಾದದು?" ಅಂದರು, ತಲೆ ಎತ್ತದೆ.

ಆ ಬೀಜದ್ದೇ ಬಳ್ಳಿ ಈಗಲೂ ನಮ್ಮ ತಿಪ್ಪೆಯ ಮೇಲಿದೆ. ಈ ವರ್ಷ ಮೂರು ಕಾಯಿ ಬಿಟ್ಟಿತ್ತು. ಎರಡು ಅಟ್ಟದ ಮೇಲಿವೆ, ಬೂದಿ ಸಮೇತ. ಮೂರನೆಯದರ ಬೀಜದಲ್ಲಿ ಹತ್ತು ಈ ಲಕೋಟೆಯಲ್ಲಿವೆ. ಎಣಿಸಿಕೊಳ್ಳಿ, ಹನ್ನೊಂದಿದ್ದರೆ ಅದು ಅತ್ತೆ ಹಾಕಿದ ಕೊಸರು.

ಕೊಳಗ ಯಾರಿಗೆ ಬಂತೆಂದು ಬರೆಯಿರಿ.

ನಿಮ್ಮ ವಿಶ್ವಾಸದ
ಹುಣಸೂರಿನ ಗೆಳತಿ