ಬೇಡಿದವರು ಕೊಟ್ಟ ಧೈರ್ಯ

ಸೊಲ್ಲಾಪುರದಿಂದ ವಾಡಿಯ ಕಡೆಗೆ ಸಾಗುವ ರೈಲುಮಾರ್ಗದಲ್ಲಿ ಹೋಟಗಿ, ತಿಲಾಟಿ, ಅಕ್ಕಲಕೋಟ ರೋಡ್ ನಿಲ್ದಾಣಗಳು ಹಿಂದೆ ಸರಿದ ಮೇಲೆ ನಾಗಣಸೂರ ಬರುತ್ತದೆ. ಅದರಾಚೆ ಬೋರೋಟಿ, ದುಧನಿ. ಮುಂದೆ ಕರ್ನಾಟಕದ ಗಡಿ. ಗಾಡಿಯ ಕಿಟಕಿಯಿಂದ ಕಾಣುವುದು ಎರೆಮಣ್ಣಿನ ಬಯಲು, ಹಿಂಗಾರಿಯ ಬಿಳಿಜೋಳ, ತೊಗರಿ, ಕಡಲೆ, ನೀರಿರುವಲ್ಲಿ ಕಬ್ಬು. ದೂರದ ಪ್ರಯಾಣಿಕನಿಗೆ ಇದು ಹೆಸರು ಓದುವಷ್ಟರಲ್ಲಿ ಹಿಂದಾಗುವ ಒಂದು ಊರು. ಇಲ್ಲಿಯ ಮಕ್ಕಳಿಗಾದರೋ ಇದು ಎರಡು ಭಾಷೆಗಳ ನಡುವೆ ನಿತ್ಯ ನಡೆದಾಡುವ ನೆಲ.

ಊರೊಳಗೆ ಕಿವಿಗೆ ಬೀಳುವುದು ಕನ್ನಡ. ಅಡುಗೆಮನೆಯಲ್ಲಿ, ಹೊಲದ ಬದುವಿನಲ್ಲಿ, ಗುಡಿಯ ಕಟ್ಟೆಯ ಮೇಲೆ, ಭಜನೆಯ ಮೇಳದಲ್ಲಿ ಕನ್ನಡ. ಬಸ್ಸಿನ ಫಲಕ, ತಹಸೀಲ ಕಚೇರಿಯ ಅರ್ಜಿ, ಹೊಲದ ಸಾತಬಾರಾ ಉತಾರೆ ಮರಾಠಿಯಲ್ಲಿ. ಮಹಾರಾಷ್ಟ್ರದ ಪಾಠ್ಯಪುಸ್ತಕ ಮಂಡಳವಾದ ಬಾಲಭಾರತಿಯು 1967ರಲ್ಲಿ ಸ್ಥಾಪನೆಗೊಂಡಿದ್ದು, ರಾಜ್ಯದ ಹಲವು ಭಾಷಾ ಮಾಧ್ಯಮಗಳ ಜೊತೆಗೆ ಕನ್ನಡದಲ್ಲಿಯೂ ಪುಸ್ತಕಗಳನ್ನು ಮುದ್ರಿಸುತ್ತದೆ. ಹೀಗಾಗಿ ಈ ಭಾಗದ ಮಗು ಶಿವಾಜಿ ಮಹಾರಾಜರ ಚರಿತ್ರೆಯನ್ನು ಕನ್ನಡದಲ್ಲಿ ಓದುತ್ತದೆ, ಮರಾಠಿಯನ್ನು ಇನ್ನೊಂದು ಭಾಷೆಯಾಗಿ ಕಲಿಯುತ್ತದೆ, ಇಂಗ್ಲಿಷನ್ನು ಮೂರನೆಯದಾಗಿ ಎದುರಿಸುತ್ತದೆ.

ಶಾಲೆಯ ದಿನಗಳಲ್ಲಿ ಈ ಓಡಾಟ ಹೊರೆಯೆನಿಸುವುದಿಲ್ಲ. ಮುಂದಿನ ಓದಿಗಾಗಿ ಅಕ್ಕಲಕೋಟ, ಸೊಲ್ಲಾಪುರ, ಪುಣೆಗಳ ಕಾಲೇಜು ಸೇರಿದಾಗ ಅದರ ಭಾರ ತಿಳಿಯುತ್ತದೆ. ಊರ ಶಾಲೆಯಲ್ಲಿ ಎಲ್ಲರಿಗಿಂತ ಮೊದಲು ಕೈಯೆತ್ತುತ್ತಿದ್ದ ಹುಡುಗ ಅಲ್ಲಿ ಹಿಂದಿನ ಬಾಕಿನ ಮೇಲೆ ಕೂಡುತ್ತಾನೆ. ಉತ್ತರ ಗೊತ್ತಿದ್ದೂ ಹುಡುಗಿ ತಲೆ ತಗ್ಗಿಸುತ್ತಾಳೆ. ತನ್ನ ಮರಾಠಿಯಲ್ಲಿ ಕನ್ನಡದ ಎಳೆತವಿದೆ, ಇಂಗ್ಲಿಷಿನಲ್ಲಿ ಎರಡರದ್ದೂ ಇದೆ ಎಂಬ ಸಂಕೋಚ. ಜ್ಞಾನ ಕಡಿಮೆಯಾದುದರಿಂದ ಬಂದ ಮೌನ ಇದಲ್ಲ. ತನ್ನ ಮಾತು ಯಾರಿಗೂ ಬೇಕಾಗಿಲ್ಲ ಎಂಬ ಭಾವನೆಯಿಂದ ಬಂದದ್ದು.

ಇದಕ್ಕೆ ಮದ್ದೆಂದು ಪೇಟೆಯಲ್ಲಿ ಅನೇಕ ಸರಕುಗಳಿವೆ. ಇಂಗ್ಲಿಷ್ ಮಾತನಾಡಲು ಕಲಿಸುವ ತರಗತಿ, ವ್ಯಕ್ತಿತ್ವ ವಿಕಸನ ಶಿಬಿರ. ಈಚೆಗೆ ಉಳ್ಳವರ ಮನೆಗಳಲ್ಲಿ ಕೇಳಿಬರುವ ಇನ್ನೊಂದು ಮಾತೆಂದರೆ, ಓದಿನ ನಡುವೆ ಒಂದು ವರ್ಷ ಬಿಡುವು ಪಡೆದು ಹೊರದೇಶಕ್ಕೆ ಹೋಗಿ ಅಲ್ಲಿಯ ಮಕ್ಕಳಿಗೆ ಸ್ವಯಂಸೇವಕರಾಗಿ ಪಾಠ ಹೇಳುವುದು. ಹೋದವರು ಧೈರ್ಯವಂತರಾಗಿ ಮರಳುತ್ತಾರೆ ಎಂಬುದು ಅದರ ಆಶ್ವಾಸನೆ. ಒಕ್ಕಲುತನದ ಮನೆಗೆ ಈ ಮಾತು ದೂರದ್ದು. ಆದರೆ ಅದರ ಹಿಂದಿರುವ ಪ್ರಶ್ನೆ ದೂರದ್ದಲ್ಲ: ಅಂಜುವ ಮಗುವಿಗೆ ಧೈರ್ಯ ಬರುವುದು ಎಲ್ಲಿಂದ? ನಾಗಣಸೂರಿನ ಜನ ಸಂತೆಗೆ, ಆಸ್ಪತ್ರೆಗೆ, ಜಾತ್ರೆಗೆ ಹೋಗಿಬರುವ ಸೊಲ್ಲಾಪುರ ಪಟ್ಟಣವೇ ಈ ಪ್ರಶ್ನೆಗೆ ಎರಡು ಉತ್ತರಗಳನ್ನು ಇಟ್ಟುಕೊಂಡಿದೆ.

ಮೊದಲನೆಯದು ಕೆರೆಯ ನಡುವಿನ ಗುಡಿಯಲ್ಲಿದೆ. ಸೊಲ್ಲಾಪುರ ಅಂದಿನ ಸೊನ್ನಲಿಗೆ. ಹನ್ನೆರಡನೆಯ ಶತಮಾನದ ಸಿದ್ಧರಾಮೇಶ್ವರರ ಕಾರ್ಯಕ್ಷೇತ್ರ. ರಾಘವಾಂಕ ಕವಿಯ ‘ಸಿದ್ಧರಾಮ ಚಾರಿತ್ರ’ದಲ್ಲಿ ಬರುವ ಬಾಲಕ ಸಿದ್ಧರಾಮ ಮಾತಿಲ್ಲದವನು, ಮಂಕನೆಂದು ಕರೆಸಿಕೊಂಡವನು, ದನ ಕಾಯಲು ಹೊಲಕ್ಕೆ ಕಳುಹಿಸಲ್ಪಟ್ಟವನು. ಅಲ್ಲಿಗೆ ಬಂದ ಅಪರಿಚಿತ ಜಂಗಮನೊಬ್ಬ ತನ್ನ ಹೆಸರು ಮಲ್ಲಯ್ಯ ಎಂದು ಹೇಳಿ ಹುಡುಗನಲ್ಲಿ ಉಣಿಸು ಬೇಡುತ್ತಾನೆ. ಅದುವರೆಗೆ ಆ ಹುಡುಗನಿಂದ ಯಾರೂ ಏನನ್ನೂ ನಿರೀಕ್ಷಿಸಿರಲಿಲ್ಲ. ಬೇಡಿಕೆ ಬಂದೊಡನೆ ಅವನು ಮನೆಗೆ ಓಡುತ್ತಾನೆ. ಉಣಿಸು ಹಿಡಿದು ಮರಳಿದಾಗ ಅತಿಥಿ ಇಲ್ಲ. ಹುಡುಕುತ್ತ ಯಾತ್ರಿಕರ ಜೊತೆ ಶ್ರೀಶೈಲದವರೆಗೆ ನಡೆಯುತ್ತಾನೆ. ಮರಳಿ ಬಂದವನು ಕೆರೆ ಕಟ್ಟಿಸುವ, ಊರಿಗೆ ಊರನ್ನೇ ಕೆಲಸಕ್ಕೆ ಹಚ್ಚುವ ಕರ್ಮಯೋಗಿ. ಕಥೆಯಲ್ಲಿ ಪವಾಡಗಳು ಬಹಳ. ಆದರೂ ಮೌನಿ ಬಾಲಕನನ್ನು ಎಬ್ಬಿಸಿದ್ದು ಉಪದೇಶವಲ್ಲ, ಒಬ್ಬ ಹಸಿದವನ ಬೇಡಿಕೆ ಎಂಬುದನ್ನು ಗಮನಿಸಬೇಕು.

ಎರಡನೆಯ ಉತ್ತರ ಅದೇ ಪಟ್ಟಣದ ಭೈಯ್ಯಾ ಚೌಕದ ಬಳಿಯ ಒಂದು ಮನೆ. ಇಂದು ಸ್ಮಾರಕವಾಗಿರುವ ಅದು ಡಾ. ದ್ವಾರಕಾನಾಥ ಕೋಟಣೀಸರ ಮನೆ. 1910ರ ಅಕ್ಟೋಬರ 10ರಂದು ಸೊಲ್ಲಾಪುರದಲ್ಲಿ ಜನಿಸಿದ ಅವರು ಮುಂಬಯಿಯ ಸೇಠ್ ಜಿ.ಎಸ್. ವೈದ್ಯಕೀಯ ಕಾಲೇಜಿನಲ್ಲಿ ಓದಿ ವೈದ್ಯರಾದರು. ಹೆಚ್ಚಿನ ಓದಿನ ಸಿದ್ಧತೆಯಲ್ಲಿದ್ದಾಗ ಚೀನ ದೇಶದ ಕರೆ ಬಂತು. ಜಪಾನಿನ ಆಕ್ರಮಣಕ್ಕೆ ತುತ್ತಾಗಿದ್ದ ಆ ದೇಶದ ಸೇನಾನಿ ಝೂ ದೆ ಅವರು ವೈದ್ಯರನ್ನು ಕಳಿಸಿಕೊಡುವಂತೆ ಜವಾಹರಲಾಲ ನೆಹರೂ ಅವರಿಗೆ ಬರೆದಿದ್ದರು. ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದ ಸುಭಾಷಚಂದ್ರ ಬೋಸರು ಜನರಿಂದ ಹಣ ಕೂಡಿಸಿದರು. 1938ರ ಸೆಪ್ಟೆಂಬರದಲ್ಲಿ ಅಟಲ, ಚೋಳಕರ, ಬಸು, ಮುಖರ್ಜಿ ಮತ್ತು ಕೋಟಣೀಸ, ಈ ಐವರು ವೈದ್ಯರ ತಂಡ ಹಡಗಿನಲ್ಲಿ ಹೊರಟಿತು. ಅವರು ಒಪ್ಪಿಕೊಂಡಿದ್ದು ಒಂದು ವರ್ಷದ ಸೇವೆ. ಓದಿಗೂ ಉದ್ಯೋಗಕ್ಕೂ ನಡುವಿನ ಒಂದು ವರ್ಷ!

ಕೋಟಣೀಸರಿಗೆ ಆಗ 28ರ ಒಳಗಿನ ವಯಸ್ಸು. ಚೀನೀ ಭಾಷೆಯ ಒಂದು ಅಕ್ಷರವೂ ತಿಳಿದಿರಲಿಲ್ಲ. 1939ರಲ್ಲಿ ತಂಡ ಯಾನಾನ್ ತಲುಪಿತು. ಗಾಯಾಳುಗಳು ನೋವನ್ನು ತಮ್ಮ ಮಾತಿನಲ್ಲಿಯೇ ಹೇಳಬಲ್ಲರು. ವೈದ್ಯ ಅದನ್ನು ತಿಳಿಯದೆ ಗತಿಯಿಲ್ಲ. ಹೀಗೆ ಆ ಭಾಷೆ ಅವರಿಗೆ ಒಲಿಯಿತು. ಮುಂದೆ ಅವರು ಯುದ್ಧಭೂಮಿಯ ಹಿಂದೆ, ಹೆಬೈ ಪ್ರಾಂತದ ಹಳ್ಳಿಗಳಲ್ಲಿ ನಡೆಯುತ್ತಿದ್ದ ವೈದ್ಯಕೀಯ ಶಾಲೆಯಲ್ಲಿ ಹಳ್ಳಿಯ ಯುವಕರಿಗೆ ಚೀನೀ ಭಾಷೆಯಲ್ಲಿಯೇ ಶಸ್ತ್ರಚಿಕಿತ್ಸೆಯ ಪಾಠ ಹೇಳಿದರು, ಅವರಿಗಾಗಿ ಪಾಠದ ಪುಸ್ತಕ ಬರೆಯತೊಡಗಿದರು. 1941ರಲ್ಲಿ ಡಾ. ಬೆಥೂನ್ ಅಂತರರಾಷ್ಟ್ರೀಯ ಶಾಂತಿ ಆಸ್ಪತ್ರೆಯ ಮುಖ್ಯಸ್ಥರಾದರು. ಅದೇ ವರ್ಷ ಶುಶ್ರೂಷೆ ಕಲಿಸುತ್ತಿದ್ದ ಗುವೊ ಚಿಂಗ್‌ಲಾನ್ ಎಂಬವರನ್ನು ವಿವಾಹವಾದರು. ಮಗನಿಗೆ ಇಟ್ಟ ಹೆಸರು ಯಿನ್‌ಹುವಾ. ಅದರ ಒಂದು ಅಕ್ಷರ ಭಾರತವನ್ನೂ ಇನ್ನೊಂದು ಚೀನವನ್ನೂ ಸೂಚಿಸುತ್ತದೆ. 1942ರ ಡಿಸೆಂಬರ 9ರಂದು, 32ನೆಯ ವಯಸ್ಸಿನಲ್ಲಿ, ಅನಾರೋಗ್ಯದಿಂದ ಅವರು ತೀರಿಕೊಂಡರು. ಉಳಿದ ನಾಲ್ವರು ತಾಯ್ನಾಡಿಗೆ ಮರಳಿದರು, ಸೊಲ್ಲಾಪುರದವರೊಬ್ಬರು ಮರಳಲಿಲ್ಲ. 1946ರಲ್ಲಿ ವಿ. ಶಾಂತಾರಾಮರು ಈ ಬದುಕನ್ನು ಚಲನಚಿತ್ರವಾಗಿಸಿದರು.

ಈ ಎರಡು ಉದಾಹರಣೆಗಳಲ್ಲಿ ಸಮಾನವಾದುದೊಂದಿದೆ. ಇಬ್ಬರೂ ಆತ್ಮವಿಶ್ವಾಸವನ್ನು ಅರಸಿ ಹೊರಟವರಲ್ಲ. ಹಸಿದವನಿಗೆ ಅನ್ನ ಬೇಕಾಗಿತ್ತು, ಗಾಯಗೊಂಡವನಿಗೆ ವೈದ್ಯ ಬೇಕಾಗಿತ್ತು. ಬೇಕಾದವನಾದಾಗ ಮನುಷ್ಯ ತನ್ನ ಉಚ್ಚಾರಣೆಯ ಕುಂದನ್ನು ಎಣಿಸುತ್ತ ಕೂಡಲಾರ. ಕಣ್ಣು ತನ್ನಿಂದ ಎದುರಿನವನ ಕಡೆಗೆ ಹೊರಳುತ್ತದೆ. ಅಂಜಿಕೆ ಅಲ್ಲಿಯೇ ಅರ್ಧ ಇಳಿಯುತ್ತದೆ.

ಹೊರದೇಶದ ಸ್ವಯಂಸೇವೆಯ ಇತಿಹಾಸವೂ ಇದರ ಜೊತೆಗೆ ಒಂದು ಎಚ್ಚರಿಕೆಯನ್ನು ಹೇಳುತ್ತದೆ. 1958ರಲ್ಲಿ ಬ್ರಿಟನ್ನಿನಲ್ಲಿ ಅಲೆಕ್ ಡಿಕ್ಸನ್ ಮತ್ತು ಅವರ ಪತ್ನಿ ಮೋರಾ ಆರಂಭಿಸಿದ ಸಾಗರೋತ್ತರ ಸ್ವಯಂಸೇವಾ ಸಂಸ್ಥೆ ಮೊದಲು ಕಳುಹಿಸಿದ್ದು ಆಗತಾನೇ ಶಾಲೆ ಮುಗಿಸಿದ ಹುಡುಗರನ್ನು. ಕೆಲವೇ ವರ್ಷಗಳಲ್ಲಿ ಆ ಸಂಸ್ಥೆ ಪದವೀಧರರತ್ತ, ಮುಂದೆ ನುರಿತ ಉದ್ಯೋಗಿಗಳತ್ತ ತಿರುಗಿತು. ಬರಮಾಡಿಕೊಳ್ಳುವ ಊರಿಗೆ ಉತ್ಸಾಹದ ಜೊತೆಗೆ ವಿದ್ಯೆಯೂ ಬೇಕಾಗಿತ್ತು. ಇದಕ್ಕಿಂತ ಕಹಿಯಾದುದು ಕಾಂಬೋಡಿಯದಂಥ ದೇಶಗಳ ಅನುಭವ. ಅಲ್ಲಿ ಪ್ರವಾಸಿಗರೂ ಕೆಲವು ವಾರಗಳ ಸ್ವಯಂಸೇವಕರೂ ಹಣ ಕೊಟ್ಟು ಅನಾಥಾಲಯಗಳಿಗೆ ಬರತೊಡಗಿದಂತೆ ಅನಾಥಾಲಯಗಳೇ ಹೆಚ್ಚಿದವು. ಅವುಗಳಲ್ಲಿದ್ದ ಬಹುಪಾಲು ಮಕ್ಕಳಿಗೆ ತಂದೆ ತಾಯಿಯರಲ್ಲಿ ಒಬ್ಬರಾದರೂ ಇದ್ದರು. ತಿಂಗಳಿಗೊಬ್ಬ ಹೊಸ ಅಕ್ಕ, ಹೊಸ ಅಣ್ಣ ಬಂದು ಮುದ್ದಿಸಿ ಹೋದಂತೆಲ್ಲ ಮಗು ಅಗಲಿಕೆಯನ್ನೇ ಕಲಿಯುತ್ತದೆ. 2019ರ ಡಿಸೆಂಬರದಲ್ಲಿ ವಿಶ್ವಸಂಸ್ಥೆಯ ಮಹಾಸಭೆಯು ಮಕ್ಕಳ ಹಕ್ಕುಗಳ ನಿರ್ಣಯದಲ್ಲಿ ಅನಾಥಾಲಯಗಳ ಇಂಥ ಸ್ವಯಂಸೇವೆಯಿಂದಾಗುವ ಹಾನಿಯನ್ನು ಹೆಸರಿಸಿಯೇ ಹೇಳಿತು. ಒಬ್ಬರ ಧೈರ್ಯಕ್ಕಾಗಿ ಇನ್ನೊಬ್ಬರ ಮಗುವನ್ನು ಏಣಿಯಾಗಿ ಬಳಸುವುದು ಸೇವೆಯಲ್ಲ.

ಆದುದರಿಂದ ಇಂಥ ಪ್ರಯಾಣದ ಪ್ರಸ್ತಾಪ ಮನೆಗೆ ಬಂದರೆ ಪಾಲಕರು ಕೇಳಬೇಕಾದ ಪ್ರಶ್ನೆಗಳಿವೆ. ಈ ಸಹಾಯವನ್ನು ಬೇಡಿದವರು ಯಾರು? ನಮ್ಮ ಮಗನಿಗೆ ಅಥವಾ ಮಗಳಿಗೆ ಕಲಿಸಲು ಬರುವುದು ಏನು? ಕೊಟ್ಟ ಹಣ ಆ ಊರಿಗೆ ಎಷ್ಟು ತಲುಪುತ್ತದೆ? ಅವರು ಮರಳಿದ ಮೇಲೆ ಆ ಪಾಠವನ್ನು ಮುಂದುವರಿಸುವವರು ಯಾರು? ಬರುವವರ ಪೂರ್ವಾಪರವನ್ನು ಸಂಸ್ಥೆ ವಿಚಾರಿಸುತ್ತದೆಯೇ? ಉತ್ತರ ಸಿಗದಿದ್ದರೆ ಆ ಹಣ ಮನೆಯಲ್ಲಿರುವುದೇ ಲೇಸು.

ಇವೇ ಪ್ರಶ್ನೆಗಳನ್ನು ನಾಗಣಸೂರಿನ ಸುತ್ತಲಿನ ನೆಲಕ್ಕೆ ಕೇಳಿದರೆ ಉತ್ತರ ಬೇಗ ಸಿಗುತ್ತದೆ. ಮಳೆಗಾಲ ಮುಗಿದು ಕಬ್ಬಿನ ಹಂಗಾಮು ಆರಂಭವಾದೊಡನೆ ಬೀಡ ಮೊದಲಾದ ಕಡೆಗಳಿಂದ ಕಬ್ಬು ಕಡಿಯುವ ಕುಟುಂಬಗಳು ಸೊಲ್ಲಾಪುರ ಜಿಲ್ಲೆಗೆ ಬರುತ್ತವೆ. ಹೊಲದಂಚಿನ ಗುಡಿಸಲುಗಳಲ್ಲಿ ಅವರ ಮಕ್ಕಳಿರುತ್ತಾರೆ. ಅವರ ಮನೆಮಾತು ಮರಾಠಿ ಅಥವಾ ಬಂಜಾರ ಭಾಷೆ. ಶಾಲೆ ಹಿಂದಿನ ಊರಲ್ಲಿ ಉಳಿದಿರುತ್ತದೆ. ಕನ್ನಡ ಹಳ್ಳಿಯ ನಡುವೆ ಅವರಿಗೆ ಇದು ಹೊರನಾಡು. ಹೊರದೇಶಕ್ಕೆ ಹೋಗದೆಯೇ ಹೊರನಾಡು ಹೊಲದ ಬದುವಿಗೆ ಬಂದು ನಿಂತಿರುತ್ತದೆ.

ಆ ಮಕ್ಕಳ ಎದುರಿಗೆ ಕನ್ನಡ ಮಾಧ್ಯಮದ ವಿದ್ಯಾರ್ಥಿ ನಿಂತಾಗ ಒಂದು ಬದಲಾವಣೆಯಾಗುತ್ತದೆ. ಕಾಲೇಜಿನಲ್ಲಿ ಕೊರತೆಯೆನಿಸಿದ ಎರಡು ಭಾಷೆಯ ಬಾಳು ಇಲ್ಲಿ ಬಂಡವಾಳ. ಮರಾಠಿಯಲ್ಲಿ ಅಂಕಿ ಹೇಳಿಕೊಡಲು, ಕನ್ನಡದ ನಾಲ್ಕು ಮಾತು ಕಲಿಸಲು, ಶಾಲೆಯ ಗುರುಗಳಿಗೂ ಆ ತಾಯಂದಿರಿಗೂ ನಡುವೆ ಮಾತು ದಾಟಿಸಲು ಎರಡೂ ಬಲ್ಲವರೇ ಬೇಕು. ಹೊಸ ಭಾಷೆಯ ಶಾಲೆಯಲ್ಲಿ ಬಾಯಿ ಕಟ್ಟುವುದು ಹೇಗಿರುತ್ತದೆಂಬುದನ್ನು ಈ ವಿದ್ಯಾರ್ಥಿ ಯಾರಿಂದಲೂ ಕೇಳಿ ತಿಳಿಯಬೇಕಾಗಿಲ್ಲ.

ಇದಕ್ಕೆ ಇಡೀ ವರ್ಷವನ್ನು ಕಳೆಯಬೇಕೆಂದಿಲ್ಲ. ಕಾಲೇಜಿನ ದಿನಗಳಲ್ಲಿ ರಾಷ್ಟ್ರೀಯ ಸೇವಾ ಯೋಜನೆ ಇದೆ. 1969ರ ಸೆಪ್ಟೆಂಬರ 24ರಂದು 37 ವಿಶ್ವವಿದ್ಯಾಲಯಗಳಲ್ಲಿ ಆರಂಭವಾದ ಈ ಯೋಜನೆಯಲ್ಲಿ ವಿದ್ಯಾರ್ಥಿಯು ವರ್ಷಕ್ಕೆ 120 ತಾಸುಗಳಂತೆ ಎರಡು ವರ್ಷ ಸೇವೆ ಸಲ್ಲಿಸುತ್ತಾನೆ. ಏಳು ದಿನಗಳ ಗ್ರಾಮ ಶಿಬಿರವೂ ಇರುತ್ತದೆ. ‘ನಾನಲ್ಲ, ನೀನು’ ಎಂಬರ್ಥದ ಮಾತು ಅದರ ಧ್ಯೇಯವಾಕ್ಯ. ಹನ್ನೆರಡನೆಯ ತರಗತಿಯ ಪರೀಕ್ಷೆ ಮುಗಿದು ಪ್ರವೇಶ ಆರಂಭವಾಗುವವರೆಗಿನ ಬೇಸಿಗೆಯೂ ಇದೆ. ಆ ವೇಳೆಗೆ ಕಬ್ಬಿನವರು ಮರಳಿದ್ದರೂ ಊರಿನ ಚಿಕ್ಕ ಮಕ್ಕಳು ಇರುತ್ತಾರೆ. ಅಂಗನವಾಡಿಯ ತಾಯಿಯೂ, ಶಾಲೆಯ ಗುರುಗಳೂ ಒಪ್ಪಿದರೆ ವಾರಕ್ಕೆ ಗೊತ್ತಾದ ದಿನ, ಗೊತ್ತಾದ ತಾಸು, ದೊಡ್ಡವರ ಕಣ್ಣಳತೆಯಲ್ಲಿ ಓದು ಹೇಳಿಕೊಡಬಹುದು. ಹುಡುಗಿಯರಿಗೂ ಈ ಅವಕಾಶವನ್ನು ಮನೆಯವರು ಕೊಡಬೇಕು. ಹಿಡಿದ ಕೆಲಸವನ್ನು ನಡುವೆ ಬಿಡದಿರುವುದು ಮುಖ್ಯ. ಮಕ್ಕಳು ಬರುವವರ ದಾರಿ ಕಾಯುತ್ತಾರೆ.

ದೂರದ ದೇಶ ನೋಡುವ ಆಸೆ ತಪ್ಪಲ್ಲ; ಅದಕ್ಕೆ ಈಗ ಬೇರೆ ಬಾಗಿಲುಗಳೂ ತೆರೆದಿವೆ. ಸೊಲ್ಲಾಪುರ ಜಿಲ್ಲೆಯ ಮಾಢಾ ತಾಲೂಕಿನ ಪರಿತೇವಾಡಿಯ ಜಿಲ್ಲಾ ಪರಿಷತ್ ಶಾಲೆಯ ಶಿಕ್ಷಕರಾಗಿದ್ದಾಗ 2020ರ ಜಾಗತಿಕ ಶಿಕ್ಷಕ ಪ್ರಶಸ್ತಿ ಪಡೆದ ರಣಜಿತಸಿಂಹ ಡಿಸಲೆ ಅವರು ಅಂತರಜಾಲದ ಮೂಲಕ ಬೇರೆ ದೇಶಗಳ ಮಕ್ಕಳಿಗೂ ಪಾಠ ಹೇಳಿದವರು. ಪರಸ್ಪರ ವೈರವಿರುವ ದೇಶಗಳ ಮಕ್ಕಳನ್ನು ಮಾತಿಗೆ ಕೂಡಿಸಿದವರು. ಹತ್ತು ಲಕ್ಷ ಡಾಲರಿನ ಆ ಪ್ರಶಸ್ತಿಯ ಅರ್ಧವನ್ನು ಕೊನೆಯ ಸುತ್ತಿನ ಉಳಿದ ಒಂಬತ್ತು ಶಿಕ್ಷಕರಿಗೆ ಹಂಚಿದರು.

ಸಂಕ್ರಮಣದ ಗಡ್ಡಾ ಜಾತ್ರೆಗೆ ಈ ಭಾಗದ ಕುಟುಂಬಗಳು ಸೊಲ್ಲಾಪುರಕ್ಕೆ ಹೋಗುತ್ತವೆ. ನಂದಿಕೋಲುಗಳ ಮೆರವಣಿಗೆ ನೋಡಿ, ಕೆರೆಯ ನಡುವಿನ ಗುಡಿಗೆ ನಮಿಸಿ, ಮಕ್ಕಳಿಗೆ ಆಟಿಕೆ ಕೊಡಿಸಿ ಮರಳುತ್ತವೆ. ಮುಂದಿನ ಸಲ ಹೋದವರು ಒಂದು ತಾಸು ಬಿಡುವು ಮಾಡಿಕೊಂಡು ಭೈಯ್ಯಾ ಚೌಕದ ಆ ಮನೆಗೂ ಮಕ್ಕಳನ್ನು ಕರೆದೊಯ್ಯಬೇಕು. ಚೀನೀ ಭಾಷೆ ಬಾರದ ಒಬ್ಬ ತರುಣ ಅಲ್ಲಿಂದ ಹೊರಟು, ಆ ಭಾಷೆಯಲ್ಲಿ ಪಾಠ ಹೇಳುವ ಗುರುವಾದನೆಂದು ತಿಳಿಸಬೇಕು. ಮನೆಗೆ ಮರಳಿದ ಮೇಲೆ, ಕಬ್ಬಿನ ಹೊಲದಂಚಿನ ಮಗುವಿನ ಹೆಸರೇನೆಂದು ಕೇಳಿಕೊಂಡು ಬಾ ಎಂದು ಕಳುಹಿಸಿದರೂ ಸಾಕು. ಮೊದಲ ಪಾಠ ಅಲ್ಲಿಂದ ಆರಂಭವಾಗುತ್ತದೆ.